ಹಬ್ಬದ ಮನೆಯಲ್ಲಿ ಸಂಕಲ್ಪ

ಕನ್ನಡದ ‘ಹಬ್ಬ’ವೆಂಬ ಮಾತು ಸಂಸ್ಕೃತದ ‘ಪರ್ವ’ ಶಬ್ದದ ತದ್ಭವ. ಪರ್ವವು ಪಬ್ಬವಾಗಿ, ಪಬ್ಬವು ಹಬ್ಬವಾಯಿತು; ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದ ಬಗೆಯೇ ಇದು. ಪರ್ವವೆಂಬುದಕ್ಕೆ ಉತ್ಸವದ ದಿನವೆಂಬ ಅರ್ಥವಿರುವಂತೆ ಗಿಣ್ಣು, ಸಂಧಿ ಎಂಬ ಅರ್ಥವೂ ಉಂಟು. ಕಬ್ಬಿನ ಜಲ್ಲೆಯಲ್ಲಿ ಒಂದು ಗಣಿಕೆ ಮುಗಿದು ಇನ್ನೊಂದು ಗಣಿಕೆ ತೊಡಗುವ ಎಡೆಯೇ ಗಿಣ್ಣು. ಬಾಯಿಗೆ ರುಚಿಸುವುದು ಗಿಣ್ಣುಗಳ ನಡುವಣ ರಸಭರಿತವಾದ ಭಾಗವಾದರೂ ಮೊಳೆಯುವ ಕಣ್ಣು ಇರುವುದು ಗಿಣ್ಣಿನಲ್ಲಿಯೇ. ಆದುದರಿಂದ ನಾಟಿ ಮಾಡುವ ಒಕ್ಕಲಿಗನು ಗಿಣ್ಣಿರುವ ತುಂಡನ್ನೇ ಆರಿಸಿ ನೆಲಕ್ಕೆ ಹಾಕುತ್ತಾನೆ. ಹಬ್ಬವನ್ನು ‘ಪರ್ವ’ವೆಂದು ಕರೆದ ಪ್ರಾಚೀನರ ಮನಸ್ಸಿನಲ್ಲಿ ವರ್ಷವೆಂಬ ಜಲ್ಲೆಯ ಗಿಣ್ಣುಗಳೇ ಹಬ್ಬಗಳೆಂಬ ಭಾವನೆ ಇದ್ದಿರಬೇಕು. ಉಣ್ಣುವ ಸಿಹಿಗಿಂತ ಮುಂದೆ ಮೊಳೆಯಬೇಕಾದ ಕಣ್ಣಿಗೆ ಅಲ್ಲಿ ಹೆಚ್ಚಿನ ಬೆಲೆ.

ಹಬ್ಬದ ನಿಮಿತ್ತ ಕುಟುಂಬದವರೆಲ್ಲ ಒಂದೆಡೆ ಕೂಡುವ ರೂಢಿ ಕನ್ನಡ ನಾಡಿನಲ್ಲಿ ಅಳಿದಿಲ್ಲ. ಯುಗಾದಿಗೆ ಬೇವು-ಬೆಲ್ಲ ಹಂಚಿಕೊಳ್ಳಲು, ಬಸವ ಜಯಂತಿಯಂದು ಗುರುಹಿರಿಯರಿಗೆ ಶರಣೆನ್ನಲು, ಎಳ್ಳಮವಾಸ್ಯೆಯಂದು ಹೊಲದಲ್ಲಿ ಕುಳಿತು ಬುತ್ತಿ ಉಣ್ಣಲು, ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆನ್ನಲು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವವರೂ ಊರಿನ ಹಾದಿ ಹಿಡಿಯುತ್ತಾರೆ. ಹೊರದೇಶಗಳಲ್ಲಿರುವ ಮಕ್ಕಳು ದೂರವಾಣಿಯ ತೆರೆಯ ಮೇಲೆ ಮುಖ ತೋರಿ ಅಜ್ಜಿಯ ಹರಕೆ ಪಡೆಯುತ್ತಾರೆ. ಕೂಡುವ ಆಸೆ ಉಳಿದಿದೆಯೆಂಬುದು ಸಂತೋಷದ ಸಂಗತಿ. ಆದರೆ ಕೂಡಿದವರು ಎದ್ದು ಹೊರಡುವಾಗ ಊಟದ ತೃಪ್ತಿಯಲ್ಲದೆ ಮತ್ತೇನನ್ನಾದರೂ ಒಯ್ಯುತ್ತಾರೆಯೇ, ಗಿಣ್ಣಿನ ಕಣ್ಣು ಎಲ್ಲಿಯಾದರೂ ಮೊಳೆಯುತ್ತದೆಯೇ ಎಂಬುದು ವಿಚಾರಾರ್ಹ.

ಆ ಕಣ್ಣಿಗೆ ಸಂಕಲ್ಪವೆಂದು ಹೆಸರು. ‘ಸಮ್’ ಎಂಬ ಉಪಸರ್ಗದೊಡನೆ ‘ಕ್ಲೃಪ್’ ಧಾತು ಸೇರಿ ಈ ಶಬ್ದ ಸಿದ್ಧಿಸಿದೆ. ಆ ಧಾತುವಿಗೆ ವೈಯಾಕರಣರು ಹೇಳಿದ ಅರ್ಥ ಸಾಮರ್ಥ್ಯ. ಅಂದಮೇಲೆ ಸಂಕಲ್ಪವು ಬರಿಯ ಹಾರೈಕೆಯಲ್ಲವೆಂಬುದು ಶಬ್ದದಿಂದಲೇ ವಿದಿತವಾಗುತ್ತದೆ. ‘ಒಳ್ಳೆಯವನಾಗಬೇಕು’ ಎಂಬುದು ಆಸೆ; ‘ಇಂಥದನ್ನು ಮಾಡುತ್ತೇನೆ, ಮಾಡುವ ಶಕ್ತಿಯನ್ನು ಕೂಡಿಸಿಕೊಳ್ಳುತ್ತೇನೆ’ ಎಂಬುದು ಸಂಕಲ್ಪ. ಕರ್ಮಾಂಗವಾದ ಸಂಕಲ್ಪವಾಕ್ಯದಲ್ಲಿ ದೇಶ, ಕಾಲ, ಕರ್ತೃ ಈ ಮೂರನ್ನೂ ಹೆಸರಿಸಿ ಹೇಳುವ ನಿಯಮ ಹಿಂದಿನಿಂದ ಬಂದಿದೆ. ಎಲ್ಲಿ ಮಾಡುವುದು, ಎಂದು ಮಾಡುವುದು, ಯಾರು ಮಾಡುವುದು ಎಂಬ ಮೂರು ನಿಶ್ಚಯಗಳಿಲ್ಲದ ಸಂಕಲ್ಪವು ಸಂಕಲ್ಪವೇ ಅಲ್ಲ. ಆಚರಣೆಯ ಕಟ್ಟುಗಳನ್ನು ಒಪ್ಪದವರು ಕೂಡ ಈ ನಿಯಮದ ವಿವೇಕವನ್ನು ಅಲ್ಲಗಳೆಯಲಾರರು. ಹೊಸ ವರ್ಷದ ದಿನಚರಿ ಪುಸ್ತಕದ ಮೊದಲ ಪುಟದಲ್ಲಿ ಬರೆದ ನಿರ್ಧಾರಗಳು ನಾಲ್ಕನೆಯ ವಾರದೊಳಗೆ ಬಾಡುವುದಕ್ಕೆ ಕಾರಣ, ಅವುಗಳಲ್ಲಿ ಕರ್ತೃವಿದ್ದರೂ ದೇಶಕಾಲಗಳಿಲ್ಲ, ಕೇಳುವ ಸಾಕ್ಷಿಯೂ ಇಲ್ಲ.

ಸಾಕ್ಷಿಯ ಬಲವೆಷ್ಟೆಂಬುದಕ್ಕೆ ಮಹಾತ್ಮಾ ಗಾಂಧಿಯವರ ಜೀವನವೇ ನಿದರ್ಶನ. 1888ರಲ್ಲಿ ಅವರು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಲೀಬಾಯಿಯವರ ಮನಸ್ಸು ಅಳುಕಿತು. ಕುಟುಂಬಕ್ಕೆ ಹಿತವರಾಗಿದ್ದ ಬೇಚರ್‌ಜೀ ಸ್ವಾಮಿಯೆಂಬ ಜೈನ ಸಾಧುಗಳು ತಾಯಿಯ ಸಮ್ಮುಖದಲ್ಲಿ ಆ ತರುಣನಿಂದ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟೆನೆಂಬ ವ್ರತವನ್ನು ಮಾಡಿಸಿದರು. ಮನೆಯೊಳಗೆ, ತಾಯಿಯ ಎದುರಿನಲ್ಲಿ, ಮೂರೇ ಮೂರು ವಿಷಯಗಳಿಗೆ ಸೀಮಿತವಾಗಿ ಕೈಗೊಂಡ ಆ ಸಂಕಲ್ಪ ಸಮುದ್ರದಾಚೆಯೂ ಅವರನ್ನು ಕಾಯಿತು. ಹದಿನೆಂಟು ವರ್ಷಗಳ ತರುವಾಯ, 1906ರ ಸೆಪ್ಟೆಂಬರ್ 11ರಂದು, ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ ಭಾರತೀಯರ ಸಭೆಯೊಂದು ಅಲ್ಲಿಯ ಅನ್ಯಾಯದ ಶಾಸನಕ್ಕೆ ತಲೆಬಾಗೆವೆಂದು ದೇವರ ಸಾಕ್ಷಿಯಾಗಿ ಪ್ರತಿಜ್ಞೆ ಮಾಡಲು ಮುಂದಾದಾಗ ಅದೇ ಗಾಂಧಿಯವರು ಎದ್ದು ನಿಂತು ಎಚ್ಚರಿಸಿದರು. ಪ್ರತಿಜ್ಞೆಯೆಂಬುದು ಪ್ರತಿಯೊಬ್ಬನೂ ತನ್ನ ಅಂತರಂಗವನ್ನು ಕೇಳಿಕೊಂಡು ಮಾಡಬೇಕಾದದ್ದು, ಉಳಿದವರೆಲ್ಲ ಹಿಂದೆಗೆದರೂ ತಾನೊಬ್ಬನೇ ನಿಲ್ಲಬಲ್ಲೆನೆಂಬ ಧೈರ್ಯವಿದ್ದವನು ಮಾತ್ರ ಮಾಡಬೇಕಾದದ್ದು ಎಂಬುದು ಅವರ ಮಾತಿನ ತಾತ್ಪರ್ಯ. ಸತ್ಯಾಗ್ರಹವೆಂದು ಮುಂದೆ ಹೆಸರಾದ ಮಾರ್ಗದ ಮೊದಲ ಹೆಜ್ಜೆ ಅದು. ತಾಯಿಯ ಮುಂದೆ ವ್ರತದ ಭಾರವನ್ನು ಹೊತ್ತು ಕಲಿತವರು ಸಭೆಯ ಮುಂದೆ ವ್ರತದ ಭಾರವನ್ನು ವಿವರಿಸಬಲ್ಲವರಾದರು.

ಶರಣಧರ್ಮದಲ್ಲಿಯೂ ಮನೆಗೆ ಇಂಥದೇ ಸ್ಥಾನವಿದೆ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಮಾಡುವ ಪೂಜೆಗೆ ಗಂಡು-ಹೆಣ್ಣೆಂಬ ಭೇದವಿಲ್ಲ, ನಡುವೆ ಮಧ್ಯಸ್ಥನಿಲ್ಲ, ದೇವಾಲಯವೇ ಬೇಕೆಂಬ ನಿರ್ಬಂಧವಿಲ್ಲ. ಒಂದೇ ಮನೆಯಲ್ಲಿ ಗಂಡನೂ ಹೆಂಡತಿಯೂ ಮಗಳೂ ಮಗನೂ ತಂತಮ್ಮ ಲಿಂಗಕ್ಕೆ ತಾವೇ ಪೂಜಕರು. ಹನ್ನೆರಡನೆಯ ಶತಮಾನದ ಆ ಮಹಾಸಮೂಹದಲ್ಲಿ ಮೂವತ್ತಕ್ಕೂ ಮಿಕ್ಕಿ ವಚನಕಾರ್ತಿಯರು ಮಾತಾಡಿದರೆಂಬುದು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ದಾಖಲಾದ ಸಂಗತಿ. ಅವರಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಪ್ರಸ್ತುತ ವಿಷಯಕ್ಕೆ ಬಹಳ ಹತ್ತಿರದ್ದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಲಕ್ಕಮ್ಮ ಅದನ್ನು ಒಪ್ಪದೆ, ಮನೆಗೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಫಲವೆಂದು ತಿಳಿಸಿ, ತಂದಲ್ಲಿಯೇ ಸುರಿದು ಬರುವಂತೆ ಕಳುಹಿದಳೆಂದೂ ಪರಂಪರೆ ಹೇಳುತ್ತದೆ. ಈ ಪ್ರಸಂಗ ನಡೆದದ್ದು ಅನುಭವಗೋಷ್ಠಿಯಲ್ಲಲ್ಲ; ಒಂದು ಬಡ ಮನೆಯ ಹೊಸ್ತಿಲಲ್ಲಿ. ಗಂಡನ ಕೈಯೊಳಗಿನ ಧಾನ್ಯ ನ್ಯಾಯದ್ದೋ ಅಲ್ಲವೋ ಎಂದು ಕೇಳುವ ಅಧಿಕಾರ ಹೆಂಡತಿಗಿತ್ತು. ಕೇಳಿಸಿಕೊಳ್ಳುವ ಮನಸ್ಸು ಗಂಡನಿಗಿತ್ತು. ದಾಸೋಹಕ್ಕಾಗಿಯೇ ತಂದ ಅಕ್ಕಿಯಾದರೂ ಸಲ್ಲದ ಅಕ್ಕಿ ದಾಸೋಹಕ್ಕೆ ಸಲ್ಲದೆಂಬುದು ಲಕ್ಕಮ್ಮನ ತೀರ್ಪು.

ಇನ್ನು ರಾಷ್ಟ್ರದ ಮೌಲ್ಯಗಳು. ಶಾಲೆಯ ಪ್ರಾರ್ಥನೆಯ ವೇಳೆ ಮಕ್ಕಳು ಬಲಗೈ ಮುಂಚಾಚಿ ಹೇಳುವ ರಾಷ್ಟ್ರೀಯ ಪ್ರತಿಜ್ಞೆಯನ್ನು 1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬಾರಾಯರು ತೆಲುಗಿನಲ್ಲಿ ರಚಿಸಿದರು. ಅಲ್ಲಿಂದ ಅದು ದೇಶದ ಎಲ್ಲ ಭಾಷೆಗಳಿಗೂ ಬಂದಿತು. ದೇಶವಾಸಿಗಳೆಲ್ಲರನ್ನೂ ಒಡಹುಟ್ಟಿದವರೆಂದು ಭಾವಿಸುವುದೇ ಅದರ ಸಾರ. 1949ರ ನವೆಂಬರ್ 26ರಂದು ಅಂಗೀಕೃತವಾಗಿ 1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ ಪೀಠಿಕೆಯೂ ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವವನ್ನು ಎಣಿಸುತ್ತದೆ. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಸ್ತ್ರೀಯರ ಗೌರವಕ್ಕೆ ಕುಂದು ತರುವ ಆಚಾರಗಳನ್ನು ತೊರೆಯುವುದೂ ಒಂದಾಗಿದೆ.

ಇಲ್ಲಿ ವ್ಯಾಕರಣದ ಒಂದು ಮಾತು ನೆನಪಾಗುತ್ತದೆ. ಭ್ರಾತೃತ್ವವೆಂದಾಗ ಸಹೋದರಿಯರು ಹೊರಗುಳಿದರೇ ಎಂದು ಕೇಳುವವರಿಗೆ ಪಾಣಿನಿಯೇ ಉತ್ತರ ಹೇಳಿದ್ದಾನೆ. ‘ಭ್ರಾತೃ’ ಶಬ್ದವು ‘ಸ್ವಸೃ’ ಶಬ್ದದೊಡನೆಯೂ, ‘ಪುತ್ರ’ ಶಬ್ದವು ‘ದುಹಿತೃ’ ಶಬ್ದದೊಡನೆಯೂ ಬಂದಾಗ ಎರಡರಲ್ಲಿ ಮೊದಲಿನದೊಂದೇ ಉಳಿದು ಇಬ್ಬರನ್ನೂ ಬೋಧಿಸುತ್ತದೆಂದು ಆತನ ಸೂತ್ರ. ‘ಭ್ರಾತರೌ’ ಎಂದರೆ ಅಣ್ಣ-ತಂಗಿ ಇಬ್ಬರೂ ಆಗಬಹುದು. ‘ಪುತ್ರೌ’ ಎಂದರೆ ಮಗನೂ ಮಗಳೂ. ಇದಕ್ಕೆ ಏಕಶೇಷವೆಂದು ಹೆಸರು. ವ್ಯಾಕರಣದ ಏಕಶೇಷದಲ್ಲಿ ಒಂದು ಶಬ್ದ ಉಳಿದರೂ ಅರ್ಥದಲ್ಲಿ ಇಬ್ಬರಿಗೂ ಪಾಲುಂಟು. ಮನೆಗಳಲ್ಲಿ ನಡೆದುಬಂದ ಏಕಶೇಷವೇ ಬೇರೆ: ಅಲ್ಲಿ ಉಳಿದವನು ಅಣ್ಣ, ಅರ್ಥವೂ ಅವನದೇ. ‘ಅರ್ಥ’ ಶಬ್ದಕ್ಕೆ ಹಣವೆಂಬ ಅರ್ಥವೂ ಇರುವುದರಿಂದ ಈ ಮಾತು ಶ್ಲೇಷೆಯಾಗಿಯೂ ನಿಜ.

ಈ ನಿಜ ಎದ್ದು ಕಾಣುವ ಹಬ್ಬ ಶ್ರಾವಣದ ನಾಗರಪಂಚಮಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಕೊಟ್ಟ ಮನೆಯಿಂದ ಕರೆತರಲು ಅಣ್ಣ ಬರುತ್ತಾನೋ ತಮ್ಮ ಬರುತ್ತಾನೋ ಎಂದು ದಿನವೆಣಿಸುವ ತಂಗಿ-ಅಕ್ಕಂದಿರ ಹಂಬಲವನ್ನು ಜನಪದ ಗರತಿಯರು ಹಾಡಿ ದಣಿದಿಲ್ಲ. ಮನೆಯಲ್ಲಿ ಶೇಂಗಾ, ಎಳ್ಳು, ರವೆಗಳ ಉಂಡಿ. ಹುರಿದ ಜೋಳದ ಅಳ್ಳು. ಮರದ ಕೊಂಬೆಗೆ ಜೋಕಾಲಿ. ಹಾಲೆರೆಯುವಾಗ ತಂದೆಯ ಪಾಲು, ತಾಯಿಯ ಪಾಲು, ಅಣ್ಣನ ಪಾಲು, ತಮ್ಮನ ಪಾಲು ಎಂದು ಒಬ್ಬೊಬ್ಬರ ಹೆಸರೆತ್ತಿ ಹೇಳುವ ರೂಢಿ ಅನೇಕ ಮನೆಗಳಲ್ಲಿದೆ. ತವರಿನವರೆಲ್ಲರ ಪಾಲನ್ನು ಹೇಳಿ ಎರೆಯುವವಳು ಆ ಮನೆಯ ಮಗಳೇ.

ಕಲ್ಲ ನಾಗರಕ್ಕೆ ಹಾಲೆರೆಯುವುದನ್ನು ಬಸವಣ್ಣನವರು ಒಪ್ಪಲಿಲ್ಲವೆಂಬುದು ಎಲ್ಲರಿಗೂ ತಿಳಿದಿರುವ ವಿಷಯ. ಆ ವಿಚಾರದ ಪ್ರೇರಣೆಯಿಂದ ಪಂಚಮಿಯ ಹಾಲನ್ನು ಮಣ್ಣುಪಾಲು ಮಾಡದೆ ಮಕ್ಕಳಿಗೆ ಕುಡಿಸುವ ಪದ್ಧತಿ ಹಲವೆಡೆಗಳಲ್ಲಿ ಬೆಳೆದುಬಂದಿರುವುದು ಸ್ತುತ್ಯರ್ಹ. ಹೀಗೆ ಹಾಲಿನ ವಿಷಯದಲ್ಲಿ ತಿದ್ದುಪಡಿ ಆಯಿತು. ಪಾಲಿನ ವಿಷಯದಲ್ಲಿ ಆಗಬೇಕಾದ ತಿದ್ದುಪಡಿ ಕಾಗದದ ಮೇಲೆ ಆಗಿದೆ, ಮನೆಗಳಲ್ಲಿ ಆಗಬೇಕಾಗಿದೆ.

ಕಾಗದದ ಚರಿತ್ರೆ ಸಂಕ್ಷೇಪವಾಗಿ ಹೀಗಿದೆ. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗೆಗೆ ಅಧಿನಿಯಮವೊಂದನ್ನು ಮಾಡಿತ್ತು. ಸ್ವತಂತ್ರ ಭಾರತದಲ್ಲಿ ಡಾ. ಅಂಬೇಡ್ಕರರು ಮಂಡಿಸಿದ ಹಿಂದೂ ಸಂಹಿತೆಯ ಮಸೂದೆ ಮುಂದುವರಿಯದೆ ನಿಂತುದು, 1951ರಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟುದಕ್ಕೆ ಒಂದು ಮುಖ್ಯ ಕಾರಣ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಈ ಅಧಿನಿಯಮವು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆಯಾದ್ದರಿಂದ ‘ಇದು ಅನ್ಯರಿಗೆ ಸಂಬಂಧಿಸಿದ್ದು’ ಎನ್ನುವಂತಿಲ್ಲ. ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಾತ್ರ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗಷ್ಟೇ ಉಳಿದಿತ್ತು. ಕರ್ನಾಟಕ ರಾಜ್ಯವು 1994ರ ತಿದ್ದುಪಡಿಯಿಂದ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದ, ಆಗದ ಎಂಬ ಭೇದವನ್ನು ತೊಡೆದು ಮಗಳನ್ನು ಮಗನಿಗೆ ಸಮಳನ್ನಾಗಿ ನಿಲ್ಲಿಸಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಹೀಗೆ ಕಾನೂನು ಮಗಳ ಹೆಸರನ್ನು ಬರೆಯಿತು. ಅದನ್ನು ಅಳಿಸುವ ಉಪಾಯವೂ ಬೇಗನೆ ರೂಢಿಗೆ ಬಂದಿತು. ಅದಕ್ಕೆ ಹಕ್ಕು ಬಿಡುಗಡೆ ಪತ್ರವೆಂದು ಹೆಸರು. ಪಹಣಿಯಲ್ಲಿ ಹೆಸರು ಬದಲಾಗಬೇಕಾದಾಗ, ಹೊಲದ ಮೇಲೆ ಸಾಲ ಎತ್ತಬೇಕಾದಾಗ, ನಿವೇಶನ ಮಾರಬೇಕಾದಾಗ ಅಕ್ಕ-ತಂಗಿಯರ ಸಹಿ ಬೇಕಾಗುತ್ತದೆ. ಎಲ್ಲ ಹೆಣ್ಣುಮಕ್ಕಳೂ ಒಟ್ಟಿಗೆ ದೊರೆಯುವ ಕಾಲ ಯಾವುದು? ಹಬ್ಬವೇ. ಉಂಡಿ ಕಟ್ಟಿದ ಕೈಗೆ ಮರುದಿನ ಲೇಖನಿ ಬರುತ್ತದೆ. ಬರೆದ ಕಾಗದವನ್ನು ಓದಿ ಹೇಳುವವರಿಲ್ಲ. ಓದಲು ಬಲ್ಲವಳು ಓದಹೊರಟರೆ ‘ನಮ್ಮ ಮೇಲೆ ನಂಬಿಕೆ ಇಲ್ಲವೇನವ್ವಾ?’ ಎಂಬ ಮಾತು ಬರುತ್ತದೆ. ಅರಿಶಿನ-ಕುಂಕುಮದ ಹೆಸರಿನಲ್ಲಿ ಒಂದು ಸೀರೆ, ಒಂದಿಷ್ಟು ಹಣ. ಮುಂದಿನ ಪಂಚಮಿಗೆ ಕರೆಯಲು ಯಾರೂ ಬಾರದೆ ಹೋದಾರೆಂಬ ಒಂದೇ ಅಂಜಿಕೆಯಿಂದ ಆಕೆ ಸಹಿ ಹಾಕಿ ಬಸ್ಸು ಹತ್ತುತ್ತಾಳೆ. ಇದರಲ್ಲಿ ಕಾನೂನಿನ ಭಂಗವಿಲ್ಲವೆಂದು ತೋರಬಹುದು. ಆದರೆ ಪ್ರೀತಿಯನ್ನು ಒತ್ತೆಯಿಟ್ಟು ಪಡೆದ ಸಹಿ ಅದು.

ಇದಕ್ಕೆ ಪ್ರತಿಯಾಗಿ ಅಣ್ಣ-ತಮ್ಮಂದಿರು ಹೇಳುವ ಮಾತುಗಳೂ ಉಂಟು. ಅವುಗಳನ್ನು ಕೇಳದೆ ತಳ್ಳಿಹಾಕುವುದು ನ್ಯಾಯವಲ್ಲ. ಮದುವೆಯಲ್ಲಿಯೇ ಆಕೆಯ ಪಾಲಿನಷ್ಟು, ಅದಕ್ಕಿಂತಲೂ ಹೆಚ್ಚು ವೆಚ್ಚವಾಗಿದೆ. ಆ ಸಾಲ ತೀರಿಸಿದವರು ತಾವು ಎಂಬುದು ಮೊದಲನೆಯದು. ಇದ್ದ ನಾಲ್ಕೆಕರೆಯನ್ನು ಆರು ಭಾಗ ಮಾಡಿದರೆ ಯಾರಿಗೂ ಬದುಕಿಲ್ಲ ಎಂಬುದು ಎರಡನೆಯದು. ತಂದೆತಾಯಿಗಳ ಮುಪ್ಪಿನಲ್ಲಿ ಔಷಧೋಪಚಾರ ನೋಡಿದವರು, ಹೊಲದಲ್ಲಿ ಬೆವರು ಸುರಿಸಿದವರು ತಾವೇ ಎಂಬುದು ಮೂರನೆಯದು. ಪಾಲಿನ ಮಾತು ಬಂದರೆ ತವರಿನ ಬಾಗಿಲು ಮುಚ್ಚುತ್ತದೆ, ಸಂಬಂಧ ಕೆಡುತ್ತದೆ ಎಂಬುದು ನಾಲ್ಕನೆಯದು.

ಮೊದಲನೆಯ ಮಾತಿನಲ್ಲಿ ನೋವಿದೆ. ಆದರೆ ಮದುವೆಯ ವೆಚ್ಚ ಹೋದದ್ದು ಎಲ್ಲಿಗೆ? ಮಂಟಪಕ್ಕೆ, ಊಟಕ್ಕೆ, ಬೀಗರ ಮನೆಗೆ. ಮಗಳ ಕೈಗೆ ಅದು ಸೇರಲಿಲ್ಲ. ವರದಕ್ಷಿಣೆ ನಿಷೇಧ ಅಧಿನಿಯಮ ಬಂದುದು 1961ರಲ್ಲಿ. ಅದರಂತೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಬೇರೊಬ್ಬರ ಮನೆಗೆ ಕೊಟ್ಟದ್ದನ್ನು ಮಗಳ ಲೆಕ್ಕಕ್ಕೆ ಬರೆಯುವುದು ಯಾವ ಲೆಕ್ಕಶಾಸ್ತ್ರ? ಎರಡನೆಯ ಮಾತು ಗಟ್ಟಿಯಾದದ್ದು. ಹೊಲ ತುಂಡಾಗುವುದು ಯಾರಿಗೂ ಹಿತವಲ್ಲ. ಆದರೆ ನಾಲ್ವರು ಗಂಡುಮಕ್ಕಳಿದ್ದಾಗ ಹೊಲ ನಾಲ್ಕಾಗುವುದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ. ಮಗಳ ಪಾಲು ಬಂದಾಗ ಮಾತ್ರ ತುಂಡಿನ ಚಿಂತೆ ಮೂಡುವುದು ಸೋಜಿಗ. ನೆಲವನ್ನು ಒಡೆಯದೆಯೇ ಪಾಲಿನ ಬೆಲೆಯನ್ನು ಕಂತುಕಂತಾಗಿ ಸಲ್ಲಿಸುವ, ಬೆಳೆಯಲ್ಲಿ ವರ್ಷವರ್ಷವೂ ಭಾಗ ಕಳುಹಿಸುವ, ಮನೆಯಲ್ಲೊಂದು ಕೋಣೆಯನ್ನು ಆಕೆಯ ಹೆಸರಿಗಿಡುವ ಏರ್ಪಾಡುಗಳನ್ನು ಕೂಡಿ ಕುಳಿತು ಮಾಡಿಕೊಳ್ಳಬಹುದು. ಕೂಡಿ ಕುಳಿತುಕೊಳ್ಳುವುದಕ್ಕೆ ಹಬ್ಬವಲ್ಲದೆ ಬೇರೆ ಸಮಯವೇಕೆ?

ಮೂರನೆಯ ಮಾತನ್ನು ಹೆಣ್ಣುಮಕ್ಕಳು ತಲೆಬಾಗಿ ಕೇಳಬೇಕು. ಹಕ್ಕು ಬಂದಲ್ಲಿ ಹೊಣೆಯೂ ಬರುತ್ತದೆ. ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ 2007ರ ಅಧಿನಿಯಮದಲ್ಲಿ ಮಕ್ಕಳೆಂದರೆ ಮಗನೂ ಹೌದು, ಮಗಳೂ ಹೌದು. ತಂದೆತಾಯಿಗಳ ಉಪಚಾರದಲ್ಲಿ ಸರದಿ ಹೊರದೆ, ಆಸ್ಪತ್ರೆಯ ವೆಚ್ಚದಲ್ಲಿ ಕೈಯಿಕ್ಕದೆ ವಾಟ್ನಿಯ ದಿನ ಮಾತ್ರ ಬರುವವಳ ಹಕ್ಕು ಕಾನೂನಿಗೆ ಸರಿಯಾದರೂ ಧರ್ಮಕ್ಕೆ ಸಾಲದು. ದುಡಿದವನ ದುಡಿಮೆಗೂ ಬೆಲೆ ಕಟ್ಟಬೇಕಾದದ್ದು ಕಾಯಕತತ್ತ್ವವನ್ನು ನಂಬಿದವರ ಮನೆಯಲ್ಲಿ ಹೇಳಿಕೊಡಬೇಕಾದ ಮಾತಲ್ಲ.

ನಾಲ್ಕನೆಯದು ಬೆದರಿಕೆಯೇ ಹೊರತು ವಾದವಲ್ಲ. ಪಾಲು ಕೇಳಿದ ಮಾತ್ರಕ್ಕೆ ಮುಚ್ಚುವ ಬಾಗಿಲು ತೆರೆದಿದ್ದುದು ತಂಗಿಗಾಗಿಯೋ ಸಹಿಗಾಗಿಯೋ ಎಂದು ತಂಗಿಯೇ ಕೇಳಿದರೆ ಉತ್ತರ ಹೇಳುವುದು ಕಷ್ಟ. ಸ್ವಂತ ಇಚ್ಛೆಯಿಂದ ಪಾಲನ್ನು ಬಿಟ್ಟುಕೊಡುವ ಅಕ್ಕ-ತಂಗಿಯರು ಇಲ್ಲವೆಂದಲ್ಲ. ಅನುಕೂಲವಂತಳಾದ ಅಕ್ಕ ಬಡ ತಮ್ಮನಿಗೆ ಸಂತೋಷದಿಂದ ಬಿಟ್ಟುಕೊಟ್ಟ ಸಂಗತಿಗಳು ಹಳ್ಳಿಹಳ್ಳಿಯಲ್ಲಿಯೂ ಇವೆ. ಅದು ತ್ಯಾಗ; ಅದಕ್ಕೆ ಕೈಮುಗಿಯಬೇಕು. ಆದರೆ ತನಗೆ ಇಂತಿಷ್ಟು ಪಾಲು ಇದೆಯೆಂದು ತಿಳಿದವಳು ಮಾತ್ರ ಅದನ್ನು ತ್ಯಾಗ ಮಾಡಬಲ್ಲಳು. ತಿಳಿಯದೆ ಬಿಟ್ಟದ್ದಕ್ಕೆ ತ್ಯಾಗವೆಂಬ ಹೆಸರು ಒಪ್ಪುವುದಿಲ್ಲ.

ನಂಬಿಕೆ, ರಾಷ್ಟ್ರಮೌಲ್ಯ, ಸ್ವಂತದ ಸಂಕಲ್ಪ ಈ ಮೂರೂ ಬೇರೆ ಬೇರೆ ಕೋಣೆಗಳಲ್ಲಿ ವಾಸಿಸುತ್ತವೆಂಬ ಭ್ರಮೆ ಸುಶಿಕ್ಷಿತರಲ್ಲಿಯೂ ಇದೆ. ಬಸವ ಜಯಂತಿಯ ಮೆರವಣಿಗೆಯಲ್ಲಿ ಸಮಾನತೆಯ ಘೋಷ, ಗಣರಾಜ್ಯೋತ್ಸವದ ಮೈದಾನದಲ್ಲಿ ಸಂವಿಧಾನದ ಪೀಠಿಕೆ, ಯುಗಾದಿಯ ಬೆಳಗಿನಲ್ಲಿ ಹೊಸ ನಿರ್ಧಾರ, ಇವೆಲ್ಲ ತಂತಮ್ಮ ದಿನಗಳಲ್ಲಿ ಶೋಭಿಸುತ್ತವೆ. ಕೋಟ್ಯಂತರ ಜನರನ್ನು ಒಡಹುಟ್ಟಿದವರೆಂದು ಹೇಳಿಬಂದವನಿಗೆ ಪರೀಕ್ಷೆ ಎದುರಾಗುವುದು ಒಡಹುಟ್ಟಿದ ಒಬ್ಬಳ ಎದುರಿಗೆ. ಅಲ್ಲಿ ಸೋತವನು ಮೈದಾನದಲ್ಲಿ ಗೆದ್ದದ್ದು ಗೆಲುವೆನಿಸುವುದಿಲ್ಲ.

ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಈ ವಿಷಯದಲ್ಲಿ ವಿಶೇಷವಾದ ಅವಕಾಶವಿದೆ. ಉಪಾಧ್ಯಾಯರು ಪ್ರತಿಜ್ಞೆಯನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ ‘ಒಡಹುಟ್ಟು’ ಎಂಬ ಮಾತಿನ ಅರ್ಥವನ್ನು ಮನೆಯಿಂದಲೇ ವಿವರಿಸಬೇಕು. ಎಸ್.ಎಸ್.ಎಲ್.ಸಿ. ಮುಗಿಸಿ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆಯ ಪಹಣಿಯನ್ನು ಓದಬಲ್ಲವಳಾಗಿ, ಸಹಿ ಹಾಕುವ ಮುನ್ನ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ ಅಭ್ಯಾಸವುಳ್ಳವಳಾಗಿ ಹೊರಡಬೇಕು. ಕನ್ನಡದ ಪಾಠವೆಂದರೆ ಷಟ್ಪದಿಯ ಲಕ್ಷಣ ಮಾತ್ರವಲ್ಲ. ಕ್ರಯಪತ್ರ, ಬಿಡುಗಡೆ ಪತ್ರಗಳ ಭಾಷೆಯೂ ಕನ್ನಡವೇ. ಅಂತಹ ಒಂದು ಪತ್ರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ ಅರ್ಥ ಬಿಡಿಸಿದರೆ ಅದು ಒಂದು ಗದ್ಯಪಾಠಕ್ಕೆ ಕಡಿಮೆಯಾಗದು.

ಹಳೆಯ ವಿದ್ಯಾರ್ಥಿಗಳು ಇಂದು ಮನೆಮನೆಗಳಲ್ಲಿ ಯಜಮಾನರಾಗಿದ್ದಾರೆ. ನಿಲಯದ ಪ್ರಸಾದದ ಪಂಕ್ತಿಯಲ್ಲಿ ಯಾರ ಮಗನೆಂದು ಕೇಳದೆ ಬಡಿಸಿದ ಅನ್ನವನ್ನುಂಡವರು ಅವರು. ಆ ಪಂಕ್ತಿಯಲ್ಲಿ ಕಲಿತ ಪಾಠವನ್ನು ತಮ್ಮ ಮನೆಯ ಪಂಕ್ತಿಯಲ್ಲಿ ನಡೆಸಿ ತೋರಿಸುವುದು ಅವರು ಸಂಸ್ಥೆಗೆ ಸಲ್ಲಿಸಬಹುದಾದ ಗುರುದಕ್ಷಿಣೆ.

ದಾನಿಗಳಿಗೆ ಹೇಳಬೇಕಾದ ಮಾತು ಸೂಕ್ಷ್ಮವಾದದ್ದು. ಆದರೂ ಲಕ್ಕಮ್ಮನ ಕಥೆಯನ್ನು ಮೆಚ್ಚುವವರು ಆ ಮಾತನ್ನು ತಪ್ಪಾಗಿ ತಿಳಿಯಲಾರರು. ಕೊಠಡಿಗಳು ಎದ್ದದ್ದು, ದಾಸೋಹದ ಒಲೆ ಆರದೆ ಉರಿದದ್ದು ಅವರ ಔದಾರ್ಯದಿಂದ. ಶಿಲೆಯ ಮೇಲೆ ಅವರ ಹೆಸರು ಕೊರೆದಿರುವುದು ಯೋಗ್ಯವೇ ಆಗಿದೆ. ಆದರೆ ಮಾರಯ್ಯ ತಂದ ಹೆಚ್ಚಿನ ಅಕ್ಕಿಯೂ ದಾಸೋಹಕ್ಕೆಂದೇ ತಂದದ್ದು. ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿದಳು. ಅಕ್ಕ-ತಂಗಿಯರಿಗೆ ಸಲ್ಲಬೇಕಾದುದನ್ನು ಸಲ್ಲಿಸಿ ಉಳಿದುದರಲ್ಲಿ ಕೊಟ್ಟ ಒಂದು ಚೀಲ ಜೋಳ, ಸಲ್ಲಿಸದೆ ಕೊಟ್ಟ ಒಂದು ಕೊಠಡಿಗಿಂತ ಹಿರಿದು. ಇಂತಹ ಮಾತನ್ನು ಮಠದ ಸಂಪುಟವೇ ಹೇಳದಿದ್ದರೆ ಮತ್ತಾರು ಹೇಳಬೇಕು? ದಾನ ಪಡೆಯುವ ಸ್ಥಾನಕ್ಕೆ ದಾನದ ಮೂಲವನ್ನು ಕೇಳುವ ಹೊಣೆಯೂ ಇದೆ.

ಸಂಕಲ್ಪಕ್ಕೆ ದೇಶ, ಕಾಲ, ಕರ್ತೃಗಳು ಬೇಕೆಂದು ಮೊದಲೇ ಹೇಳಿದೆಯಷ್ಟೆ. ಈ ಸಂಕಲ್ಪಕ್ಕೆ ದೇಶವು ತವರುಮನೆಯ ಪಡಸಾಲೆ. ಕಾಲವು ಬರುವ ಪಂಚಮಿ. ಅಲ್ಲಿಯವರೆಗೆ ಕಾಯಲಾರದವರಿಗೆ ಮುಂದಿನ ಯಾವ ಹಬ್ಬವಾದರೂ ಸರಿ. ಕರ್ತೃವು ಮನೆಯ ಹಿರಿಯಣ್ಣ. ತಂದೆ ಬದುಕಿದ್ದರೆ ತಂದೆ. ಮಾಡಬೇಕಾದುದು ಮೂರೇ ಕೆಲಸ. ಮೊದಲನೆಯದು, ಹಬ್ಬಕ್ಕೆ ಕರೆದ ಹೆಣ್ಣುಮಗಳ ಮುಂದೆ ಸಹಿಯ ಕಾಗದವನ್ನು ಇಡದಿರುವುದು. ಸಹಿ ಬೇಕಾದರೆ ಬೇರೊಂದು ದಿನ ಆಕೆಯ ಮನೆಗೇ ಹೋಗಿ, ಆಕೆಯ ಪಾಲು ಎಷ್ಟೆಂದು ಹೇಳಿ, ಕಾಗದವನ್ನು ಓದಿ, ಯೋಚಿಸಲು ವ್ಯವಧಾನ ಕೊಟ್ಟು ಕೇಳುವುದು. ಎರಡನೆಯದು, ಮನೆಯ ಆಸ್ತಿಯ ಪಟ್ಟಿಯನ್ನು ಗಂಡು-ಹೆಣ್ಣು ಮಕ್ಕಳೆಲ್ಲರ ಎದುರಿನಲ್ಲಿ ವರ್ಷಕ್ಕೊಮ್ಮೆ ಓದುವುದು; ಸಾಲದ ಪಟ್ಟಿಯನ್ನೂ ಅದರೊಡನೆ ಓದುವುದು. ಮೂರನೆಯದು, ತಂದೆತಾಯಿಗಳ ಆರೈಕೆಯ ಸರದಿಯನ್ನು ಅದೇ ದಿನ ಗೊತ್ತುಮಾಡಿಕೊಳ್ಳುವುದು. ಇವಕ್ಕೆ ಹಣ ಬೇಕಿಲ್ಲ, ಪುರೋಹಿತರು ಬೇಕಿಲ್ಲ, ಸಭಾಭವನ ಬೇಕಿಲ್ಲ. ಸಾಕ್ಷಿಯಾಗಿ ತಾಯಿಯೊಬ್ಬಳು ಎದುರಿಗೆ ಕುಳಿತಿದ್ದರೆ ಸಾಕು.

ಹಾಲೆರೆಯುವಾಗ ತವರಿನವರೆಲ್ಲರ ಪಾಲನ್ನು ಹೆಸರಿಟ್ಟು ಹೇಳುವ ಮಗಳ ಪಾಲನ್ನು ತವರಿನವರೂ ಒಮ್ಮೆ ಹೆಸರಿಟ್ಟು ಹೇಳುವಂತಾಗಲಿ. ಸಂಸ್ಥೆಯ ಬಂಧುಗಳೆಲ್ಲರ ಮನೆಗಳಲ್ಲಿ ಈ ಸಂಕಲ್ಪ ಸಿದ್ಧಿಸಲಿ.